ಗೇರ್ ದಂಡದ ಬುಡದಲ್ಲಿ ಮುರಿದ ತಂತಿ

ಎಂಜಿನ್ ಸರಿಯಾಗಿ ನಡೆಯುತ್ತಿದೆ, ಬ್ಯಾಟರಿಯಲ್ಲಿ ಕೊರತೆಯಿಲ್ಲ, ಬ್ರೇಕ್ ಒತ್ತಿದರೆ ಹಿಂಬದಿಯ ದೀಪಗಳೂ ಬೆಳಗುತ್ತವೆ. ಆದರೂ ಗೇರ್ ದಂಡವು ‘ಪಾರ್ಕ್’ ಸ್ಥಾನದಿಂದ ಕದಲದು. ನಾಲ್ಕು ಸಲ ಅಲುಗಿಸಿದರೆ ಒಮ್ಮೆಲೇ ಸಡಿಲುವುದು. ಮರುದಿನ ಮತ್ತೆ ಅದೇ ಹಟ. ಸ್ವಯಂಚಾಲಿತ ಗೇರಿನ ಕಾರುಗಳಲ್ಲಿ ಕಾಣುವ ಈ ತೊಂದರೆಗೆ ಎಷ್ಟೋ ವೇಳೆ ಕಾರಣ ಗೇರ್ ಪೆಟ್ಟಿಗೆಯಲ್ಲ, ದಂಡದ ಬುಡದಲ್ಲಿ ಮುರಿದಿರುವ ತೆಳು ತಂತಿ.

ದಂಡಕ್ಕೂ ವಿದ್ಯುತ್ತಿಗೂ ಏನು ಸಂಬಂಧ? ‘ಪಾರ್ಕ್’ ಸ್ಥಾನದಲ್ಲಿ ಒಂದು ಚಿಲಕವು ದಂಡವನ್ನು ಹಿಡಿದಿಡುತ್ತದೆ. ಬ್ರೇಕ್ ಒತ್ತಿದೊಡನೆ ಸೊಲೆನಾಯ್ಡ್ ಎಂಬ ತಂತಿಸುರುಳಿಯಲ್ಲಿ ವಿದ್ಯುತ್ತು ಹರಿದು, ಅದು ಅಯಸ್ಕಾಂತವಾಗಿ ಚಿಲಕವನ್ನು ಸೆಳೆಯುತ್ತದೆ. ಕಾರಿನಲ್ಲಿರುವ ಮಗು ದಂಡವನ್ನು ಎಳೆದು ವಾಹನ ಉರುಳದಿರಲೆಂದು, ಅಮೆರಿಕದ ೨೦೦೮ರ ಕಾನೂನೊಂದು ೨೦೧೦ರ ಸೆಪ್ಟೆಂಬರಿನಿಂದ ಅಲ್ಲಿಯ ಹೊಸ ಸ್ವಯಂಚಾಲಿತ ಕಾರುಗಳಲ್ಲಿ ಈ ಏರ್ಪಾಡನ್ನು ಕಡ್ಡಾಯಗೊಳಿಸಿತು.

ಸುರುಳಿಗೂ ದಂಡದ ಹಿಡಿಯಲ್ಲಿರುವ ಗುಂಡಿಗೂ ಹೋಗುವ ತಂತಿಗಳಲ್ಲಿ ಕೆಲವು ದಂಡದೊಡನೆಯೇ ಬಾಗಬೇಕು. ದಿನಕ್ಕೆ ೫೦ ಸಲವೆಂದರೂ ವರ್ಷಕ್ಕೆ ೧೮,೦೦೦ ಸಲ ಮೀರಿತು! ಕತ್ತರಿಯಿಲ್ಲದಾಗ ತಂತಿಯನ್ನು ಅತ್ತಿತ್ತ ಬಗ್ಗಿಸಿ ಮುರಿಯುವುದನ್ನು ನೀವು ಬಲ್ಲಿರಿ. ಇದೇ ಲೋಹದ ದಣಿವು. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಎಂಜಿನಿಯರ್ ಆಗಸ್ಟ್ ವೋಲರನು ರೈಲಿನ ಅಚ್ಚುಗಳ ಮೇಲೆ ಪ್ರಯೋಗ ನಡೆಸಿ, ಒಮ್ಮೆಗೆ ಮುರಿಯಲಾರದ ಬಲವೂ ಮತ್ತೆ ಮತ್ತೆ ಬಿದ್ದಾಗ ಲೋಹವನ್ನು ಮುರಿಯಬಲ್ಲುದೆಂದು ತೋರಿಸಿದನು.

ಈ ಮುರಿತವು ಕಣ್ಣಿಗೆ ಕಾಣುವುದು ಅಪರೂಪ. ಒಳಗಿನ ತಾಮ್ರದ ಎಳೆಗಳು ಒಂದೊಂದಾಗಿ ತುಂಡಾದರೂ ಮೇಲಿನ ಪ್ಲಾಸ್ಟಿಕ್ ಹೊದಿಕೆ ಅಖಂಡವಾಗಿಯೇ ಇರುತ್ತದೆ. ಮೀಟರಿನಿಂದ ಪರೀಕ್ಷಿಸಿದರೂ ಮೋಸಹೋಗಬಹುದು. ಸುರುಳಿಯ ರೋಧ ೧೨ ಓಮ್ ಎಂದಿಟ್ಟುಕೊಳ್ಳಿ. ೧೨ ವೋಲ್ಟಿನಲ್ಲಿ ೧ ಆಂಪೇರ್ ಹರಿಯುತ್ತದೆ. ಮುರಿದ ತುದಿಗಳು ಅರೆಬರೆ ತಾಗಿ ಅಲ್ಲಿಯೂ ೧೨ ಓಮ್ ರೋಧ ಉಂಟಾದರೆ ಪ್ರವಾಹ ಅರ್ಧಕ್ಕಿಳಿಯುತ್ತದೆ; ಸೆಳೆತವಾದರೋ ಸುಮಾರು ಕಾಲುಭಾಗವಾಗುತ್ತದೆ. ಚಿಲಕ ಕದಲದು, ಆದರೆ ಅತ್ಯಲ್ಪ ಪ್ರವಾಹದಿಂದ ಅಳೆಯುವ ಮೀಟರು ‘ತಂತಿ ಅಖಂಡ’ ಎಂದೇ ಸದ್ದು ಮಾಡಬಹುದು. ಆದುದರಿಂದ ಬ್ರೇಕ್ ಒತ್ತಿರುವಾಗ, ಸುರುಳಿಯ ಎರಡು ತುದಿಗಳ ನಡುವೆ ಎಷ್ಟು ವೋಲ್ಟ್ ತಲಪುತ್ತಿದೆ ಎಂಬುದನ್ನು ತಂತಿಯನ್ನು ಮೆಲ್ಲಗೆ ಅಲುಗಿಸುತ್ತ ಅಳೆಯಬೇಕು. ಇದಕ್ಕೆ ಮೊದಲು ಫ್ಯೂಸನ್ನು ನೋಡುವುದು ಒಳಿತು.

ಮುಂದಿನದು ದುರಸ್ತಿ. ಕೈಬ್ರೇಕ್ ಎಳೆದು, ಗಾಲಿಗಳಿಗೆ ಅಡ್ಡ ಕೊಟ್ಟು, ಬ್ಯಾಟರಿಯ ಋಣ ತುದಿಯನ್ನು ಬಿಚ್ಚಬೇಕು. ಹಳದಿ ಹೊದಿಕೆಯ ತಂತಿಗಳು ಸಾಮಾನ್ಯವಾಗಿ ಏರ್‌ಬ್ಯಾಗಿಗೆ ಸೇರಿದವು, ಅವನ್ನು ಮುಟ್ಟಕೂಡದು. ಮುರಿದೆಡೆಯಲ್ಲಿಯೇ ಬೆಸುಗೆ ಹಾಕಿದರೆ ಸಾಕೆಂದು ತೋರಬಹುದು. ಅದು ಸರಿಯಲ್ಲ, ಏಕೆ? ಎಳೆ ಎಷ್ಟು ತೆಳುವೋ, ಬಾಗಿದಾಗ ಅದರ ಮೇಲ್ಮೈ ಹಿಗ್ಗುವುದೂ ಅಷ್ಟು ಕಡಮೆ. ಹಲವು ಎಳೆಗಳ ತಂತಿ ಬಾಳುವುದು ಇದರಿಂದಲೇ. ಬೆಸುಗೆಯು ಆ ಎಳೆಗಳನ್ನೆಲ್ಲ ಒಂದೇ ಗಟ್ಟಿ ಕಡ್ಡಿಯಾಗಿಸುತ್ತದೆ; ಕಡ್ಡಿ ಮುಗಿಯುವಲ್ಲಿ ತಂತಿ ಬೇಗನೆ ಮತ್ತೆ ಮುರಿಯುತ್ತದೆ. ಆದಕಾರಣ ಬಾಗುವ ಭಾಗವನ್ನು ಪೂರ್ತಿಯಾಗಿ ತೆಗೆದು, ಅಷ್ಟೇ ದಪ್ಪದ, ಹೆಚ್ಚು ಎಳೆಗಳುಳ್ಳ ಹೊಸ ತಂತಿಯನ್ನು ಹಾಕಿ, ಎರಡು ಕೂಡುಗಳನ್ನೂ ಅಲುಗದ ಜಾಗದಲ್ಲಿ ಮಾಡಬೇಕು. ಕೂಡಿನ ಮೇಲೆ ಶಾಖಕ್ಕೆ ಕುಗ್ಗುವ ಕೊಳವೆ ತೊಡಿಸಿ, ದಂಡವನ್ನು ಎಲ್ಲ ಸ್ಥಾನಗಳಿಗೂ ಸರಿಸಿ, ತಂತಿ ಬಿಗಿಯದಷ್ಟು ಸಡಿಲ ಬಿಡಬೇಕು.

ತಂತಿಯ ಗೋಜೇಕೆಂದು ಕೆಲವರು ಚಿಲಕವನ್ನೇ ಕಿತ್ತುಹಾಕುವುದುಂಟು. ಹಾಗೆ ಮಾಡಿದರೆ ದಂಡವು ಸರಾಗವಾಗಿ ಚಲಿಸುವುದೇನೋ ನಿಜ, ಮಗುವಿನ ಕೈಗೂ! ದಾರಿಯಲ್ಲಿ ಕಾರು ಸಿಕ್ಕಿಕೊಂಡಾಗ ಬಳಸಲು ಅನೇಕ ಕಾರುಗಳಲ್ಲಿ ದಂಡದ ಬಳಿ ಚಿಲಕ ಬಿಡಿಸುವ ಸಣ್ಣ ಕಿಂಡಿಯಿರುತ್ತದೆ. ಅದು ಮನೆಗೋ ಕಾರ್ಖಾನೆಗೋ ತಲಪುವವರೆಗಿನ ಉಪಾಯ ಮಾತ್ರ. ದುರಸ್ತಿ ಮುಗಿದ ಮೇಲೆ ಕೊನೆಯ ಪರೀಕ್ಷೆಯೊಂದುಂಟು: ಬ್ರೇಕ್ ಒತ್ತಿದಾಗ ದಂಡ ಕದಲಬೇಕು, ಒತ್ತದಿರುವಾಗ ಕದಲಕೂಡದು.