ಟಿಬೆಟ್ಸ್ ತೊರೆ

ಟಿಬೆಟ್ಸ್ ತೊರೆಯು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಒಂದು ಚಿಕ್ಕ ತೊರೆ. ಯಾಂಕರ್ಸ್ ನಗರದಲ್ಲಿ ಹುಟ್ಟಿ ದಕ್ಷಿಣಕ್ಕೆ ಹರಿಯುವ ಇದು, ನ್ಯೂಯಾರ್ಕ್ ನಗರದ ಬ್ರಾಂಕ್ಸ್ ವಿಭಾಗದಲ್ಲಿರುವ ವ್ಯಾನ್ ಕೋರ್ಟ್‌ಲ್ಯಾಂಡ್ ಉದ್ಯಾನದ ಸರೋವರವನ್ನು ಸೇರುತ್ತದೆ.

ಭೂಗತ ಹರಿವು

20ನೆಯ ಶತಮಾನದ ಆರಂಭದಲ್ಲಿ ಸರೋವರದಿಂದ ಹೊರಬರುವ ನೀರನ್ನು ಬ್ರಾಡ್‌ವೇ ರಸ್ತೆಯಡಿಯ ಒಳಚರಂಡಿಗೆ ತಿರುಗಿಸಲಾಯಿತು. ಈ ಚರಂಡಿಯಲ್ಲಿ ಮನೆಗಳ ಕೊಳಚೆಯೂ ಮಳೆನೀರೂ ಒಂದೇ ಕೊಳವೆಯಲ್ಲಿ ಸಾಗುತ್ತವೆ. ಮಳೆಯಿಲ್ಲದ ದಿನಗಳಲ್ಲಿಯೂ ತೊರೆಯ 40ರಿಂದ 50 ಲಕ್ಷ ಗ್ಯಾಲನ್ ನೀರು ಕೊಳಚೆಯೊಡನೆ ಬೆರೆತು ಶುದ್ಧೀಕರಣ ಘಟಕವನ್ನು ತಲುಪುತ್ತದೆ. ಹೀಗೆ ಕೊಳವೆಯ ಒಂದು ಭಾಗವನ್ನು ತೊರೆಯೇ ಆಕ್ರಮಿಸುವುದರಿಂದ, ಮಳೆ ಬಿರುಸಾದಾಗ ಚರಂಡಿ ಬೇಗನೆ ತುಂಬಿ, ಸಂಸ್ಕರಿಸದ ಕೊಳಚೆ ಹಾರ್ಲೆಮ್ ನದಿಗೆ ಹೊರಬೀಳುತ್ತದೆ.

ಪುನರುಜ್ಜೀವನ ಯೋಜನೆ

ತೊರೆಯನ್ನು ಚರಂಡಿಯಿಂದ ಬೇರ್ಪಡಿಸಿ ಮತ್ತೆ ನೆಲದ ಮೇಲೆ ಹರಿಸುವುದು ಯೋಜನೆಯ ಉದ್ದೇಶ. ಇದಕ್ಕಾಗಿ ಬಳಕೆಯಲ್ಲಿಲ್ಲದ ರೈಲುಮಾರ್ಗದ ಜಾಗವನ್ನು ಖರೀದಿಸಲು ನಗರಾಡಳಿತವು 2023ರಲ್ಲಿ ಒಪ್ಪಂದ ಮಾಡಿಕೊಂಡಿತು. ಸುಮಾರು ಒಂದು ಮೈಲಿ ದೂರ ತೆರೆದ ಕಾಲುವೆಯಲ್ಲಿ ಹರಿಯುವ ನೀರು, ಕೊನೆಯ ಹಂತದಲ್ಲಿ ಪ್ರತ್ಯೇಕ ಕೊಳವೆಯ ಮೂಲಕ ಹಾರ್ಲೆಮ್ ನದಿಯನ್ನು ಸೇರಲಿದೆ. ಇದರಿಂದ ನದಿಗೆ ಹೊರಬೀಳುವ ಕೊಳಚೆಮಿಶ್ರಿತ ನೀರು ವರ್ಷಕ್ಕೆ 22.8 ಕೋಟಿ ಗ್ಯಾಲನ್‌ನಷ್ಟು (ಸುಮಾರು 86 ಕೋಟಿ ಲೀಟರ್) ತಗ್ಗುವುದೆಂದು ಅಂದಾಜಿಸಲಾಗಿದೆ. ಚರಂಡಿಯನ್ನು ಹಿಗ್ಗಿಸದೆ, ಅದರೊಳಗಿನ ತಿಳಿನೀರನ್ನು ಹೊರತೆಗೆದು ಕೊಳಚೆಗೆ ಸ್ಥಳ ಮಾಡಿಕೊಡುವುದೇ ಈ ವಿಧಾನದ ವೈಶಿಷ್ಟ್ಯ.