ಸೂರಿನ ನೀರು ಎಲ್ಲಿಗೆ ಹೋಗುತ್ತದೆ?

ನ್ಯೂಜೆರ್ಸಿಯಲ್ಲಿ ಮನೆ ಕೊಂಡ ವರ್ಷ, ಚಳಿಗಾಲ ಮುಗಿದು ಮೊದಲ ಜೋರು ಮಳೆ ಬಂದಾಗ ನಮ್ಮ ಬೇಸ್‌ಮೆಂಟಿನಲ್ಲಿ ಮುಗ್ಗಲು ವಾಸನೆ ಶುರುವಾಯಿತು. ಮೂಲೆಯಲ್ಲಿದ್ದ ರಟ್ಟಿನ ಪೆಟ್ಟಿಗೆಯ ತಳ ನೆನೆದುಹೋಗಿತ್ತು. ಊರಿಂದ ತಂದಿದ್ದ ಮಕ್ಕಳ ಪುಸ್ತಕಗಳನ್ನು ಒಣಗಿಸಿಕೊಂಡೆವು. ನಾನು ಹಾಸ್ಟೆಲ್‌ನಲ್ಲಿದ್ದಾಗ ಅಮ್ಮ ಬರೆದಿದ್ದ ಕಾಗದಗಳ ಶಾಯಿ ಮಾತ್ರ ಕದಡಿ ಹೋಗಿತ್ತು. ನೀರಿನ ಪೈಪು ಒಡೆದಿದೆ ಎಂದುಕೊಂಡು ಹುಡುಕಿದರೆ, ಕಾರಣ ಸಿಕ್ಕಿದ್ದು ಸೂರಿನಲ್ಲಿ. ಉದುರಿದ ಎಲೆಗಳು ಗಟರ್ ತುಂಬ ಕೊಳೆತು ಕೂತಿದ್ದವು.

ಲೆಕ್ಕ ಸುಲಭ, ಮಕ್ಕಳಿಂದಲೇ ಮಾಡಿಸಿ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. 100 ಚದರ ಮೀಟರ್ ಚಾವಣಿಯ ಮೇಲೆ 25 ಮಿ.ಮೀ., ಅಂದರೆ ಸುಮಾರು ಒಂದು ಇಂಚು ಮಳೆಯಾದರೆ 2,500 ಲೀಟರ್! ಗಟರ್ ಕಟ್ಟಿಕೊಂಡರೆ ಅದು ಗೋಡೆಯ ಬುಡಕ್ಕೇ ಸುರಿಯುತ್ತದೆ. ನೆನೆದ ಮಣ್ಣು ಬೇಸ್‌ಮೆಂಟಿನ ಗೋಡೆಯನ್ನು ಒತ್ತುತ್ತದೆ, ಸಣ್ಣ ಬಿರುಕಿನಿಂದಲೂ ನೀರು ಒಳಗೆ ಜಿನುಗುತ್ತದೆ. ನೀರು ಮಂಜುಗಡ್ಡೆಯಾದಾಗ ಸುಮಾರು ಶೇ. 9ರಷ್ಟು ಹಿಗ್ಗುವುದರಿಂದ ಚಳಿಗಾಲದಲ್ಲಿ ಬಿರುಕು ಇನ್ನಷ್ಟು ಅಗಲವಾಗುತ್ತದೆ. ಗಟರ್ ಹಿಡಿದಿರುವ ಮರದ ಹಲಗೆಯೂ ಕೊಳೆಯುತ್ತದೆ.

ಎಲೆ ಉದುರಿ ಮುಗಿದ ಮೇಲೆ ಒಮ್ಮೆ, ವಸಂತದಲ್ಲಿ ಒಮ್ಮೆ ಗಟರ್ ಸ್ವಚ್ಛ ಮಾಡಿಸಿ. ಗಟರ್ ಪ್ರತಿ 10 ಅಡಿಗೆ ಕಾಲು ಇಂಚಿನಷ್ಟು ಇಳಿಜಾರಾಗಿರಲಿ. ಇಳಿಕೊಳವೆಯ ನೀರು ಗೋಡೆಯಿಂದ ಐದಾರು ಅಡಿಯಾದರೂ ಆಚೆ ಬೀಳಲಿ. ಮನೆಯ ಸುತ್ತಲಿನ ನೆಲ ಮೊದಲ 10 ಅಡಿಯೊಳಗೆ 6 ಇಂಚು ತಗ್ಗಿರಬೇಕು. ಏಣಿ ಹತ್ತುವುದಾದರೆ ಕೆಳಗೆ ಹಿಡಿಯಲು ಒಬ್ಬರಿರಲಿ. ಎರಡಂತಸ್ತಿನ ಮನೆಯಾದರೆ ಕೆಲಸ ಬಲ್ಲವರಿಗೇ ಬಿಡಿ.

ವಿಡಿಯೋ ಕರೆಯಲ್ಲಿ ಮಗ ಈ ಕಥೆ ಹೇಳಿದಾಗ ಅಮ್ಮನಿಗೆ ಅರ್ಥವಾಗಲಿಲ್ಲ. "ಗಟಾರ ಮನೆ ಮೇಲೆ ಯಾಕೋ ಪುಟ್ಟಾ?" ಎಂದರು. ಅವನು ಫೋನನ್ನು ಹೊರಗೊಯ್ದು ತೋರಿಸಿದ. "ಓ, ದಂಬೆ!" ಎಂದು ನಕ್ಕರು. ಮಲೆನಾಡಿನಲ್ಲಿ ಅಡಿಕೆ ಮರ ಸೀಳಿ, ತಿರುಳು ತೆಗೆದು, ಸೂರಿನಡಿ ದಂಬೆ ಕಟ್ಟುತ್ತಿದ್ದುದನ್ನು, ಅದರ ನೀರು ಹಂಡೆಗೆ ತುಂಬುತ್ತಿದ್ದುದನ್ನು ಹೇಳಿದರು. ಮಣ್ಣಿನ ಗೋಡೆ ನೆನೆಯದಿರಲೆಂದೇ ಅಲ್ಲಿನ ಸೂರು ಅಷ್ಟು ಮುಂದಕ್ಕೆ ಚಾಚಿರುತ್ತದೆ ಎಂಬುದನ್ನೂ ಅವನು ಅಂದೇ ಕಲಿತ.

ಮುಂದಿನ ಮಳೆಗೆ ಕೊಡೆ ಹಿಡಿದು ಮಕ್ಕಳೊಂದಿಗೆ ಮನೆಗೊಂದು ಸುತ್ತು ಬನ್ನಿ. ನೀರು ಎಲ್ಲಿ ಹರಿಯುತ್ತಿದೆ, ಎಲ್ಲಿ ತೊಟ್ಟಿಕ್ಕುತ್ತಿದೆ, ಎಲ್ಲಿ ಜಿನುಗುತ್ತಿದೆ ಎಂದು ಅವರನ್ನೇ ಕೇಳಿ. ಮನೆಯ ತಪಾಸಣೆಯೂ ಆಯಿತು, ಮೂರು ಕನ್ನಡ ಕ್ರಿಯಾಪದಗಳೂ ಆದವು.