ಯಂತ್ರ ಎತ್ತುವ ಚೀಟಿ ಮತ್ತು ನಮ್ಮ ದೀಪಾವಳಿ

ದೀಪಾವಳಿ ನಮಗೆ ಭಗವಾನ್ ಮಹಾವೀರರ ನಿರ್ವಾಣದ ಹಬ್ಬ. ಪರಂಪರೆಯ ಲೆಕ್ಕದಂತೆ ಕ್ರಿ.ಪೂ. 527ರಲ್ಲಿ, ಅಮಾವಾಸ್ಯೆಯ ಬೆಳಗಿನ ಜಾವ, ಪಾವಾಪುರಿಯಲ್ಲಿ ಸ್ವಾಮಿಯವರು ಮುಕ್ತರಾದರು. ಅಂದು ಬೆಳಗಿದ ದೀಪಗಳ ಸಾಲನ್ನು 'ದೀಪಾಲಿಕಾ' ಎಂದು ಹೇಳಿದವರು ಪುನ್ನಾಟ ಸಂಘದ ಜಿನಸೇನಾಚಾರ್ಯರು. ಅವರ ಹರಿವಂಶಪುರಾಣ ಮುಗಿದದ್ದು ಶಕ 705ರಲ್ಲಿ, ಅಂದರೆ ಕ್ರಿ.ಶ. 783ರಲ್ಲಿ. ಪುನ್ನಾಟವೆಂದರೆ ಕಪಿಲಾ ನದಿಯ ಸೀಮೆ, ನಮ್ಮ ಹೆಗ್ಗಡದೇವನಕೋಟೆಯ ಕಡೆ. ಹೀಗೆ ದೀಪದ ಸಾಲಿಗೂ ನಮಗೂ ಇರುವ ನಂಟು ಬಹಳ ಹಳೆಯದು.

ಆ ಸಾಲು ಈಗ ಹಾಡಿಗೆ ತಕ್ಕಂತೆ ಕುಣಿಯುತ್ತಿದೆ. ಕೊಯಮತ್ತೂರಿನಿಂದ ಸತ್ಯಮಂಗಲಕ್ಕೆ ಹೋಗುವ ದಾರಿಯಲ್ಲಿ ಅನ್ನೂರು ಸಿಗುತ್ತದೆ. ಅದೇ ದಾರಿ ದಿಂಬಂ ಘಾಟಿ ಹತ್ತಿ ಚಾಮರಾಜನಗರಕ್ಕೆ ಬರುತ್ತದೆ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತಮಿಳು ಆಡುವ ಕುಟುಂಬಗಳಿರುವ ಸೀಮೆ ಅದು. ಈ ದಾರಿಯುದ್ದಕ್ಕೂ ಹಬ್ಬ ಬಂದರೆ ಸೀರಿಯಲ್ ಸೆಟ್ಟಿನ ತೋರಣ ಕಾಣುತ್ತದೆ. ಇಂದು ಮನೆಯ ಹುಡುಗರು ಅಷ್ಟಕ್ಕೇ ತೃಪ್ತರಾಗುವುದಿಲ್ಲ. ಕಂಪ್ಯೂಟರಿನಲ್ಲಿ ಭಜನೆಯನ್ನು ಹಾಕಿ, ತಾಳಕ್ಕೆ ಸರಿಯಾಗಿ ದೀಪ ಹೊತ್ತಿಸಿ ಆರಿಸುವ ಕಾರ್ಯಕ್ರಮವನ್ನು ತಾವೇ ಬರೆಯುತ್ತಾರೆ. ಎಕ್ಸ್‌ಲೈಟ್ಸ್‌ನಂಥ ಉಚಿತ ತಂತ್ರಾಂಶಗಳಲ್ಲಿ 'ರ‍್ಯಾಂಡಮ್' ಎಂಬ ಆಯ್ಕೆಯೂ ಇದೆ. ಅದನ್ನು ಒತ್ತಿದರೆ ಯಾವ ದೀಪಕ್ಕೆ ಯಾವ ಆಟ ಎಂಬುದನ್ನು ಯಂತ್ರವೇ ಚೀಟಿ ಎತ್ತಿದಂತೆ ತೀರ್ಮಾನಿಸುತ್ತದೆ. ಇದು ಸರಿಯೇ? ಬಸದಿಯ ಅಂಗಳದಲ್ಲಿ ಇದನ್ನು ಬಳಸಬಹುದೇ? ವಿಚಾರ ಮಾಡಿ ನೋಡೋಣ.

ಚೀಟಿ ಎತ್ತುವ ಆಸೆ ಏಕೆ?

ಹಿಂದೆ ದೀಪ ಓಡಿಸಲು ಉರುಳೆ ಇರುತ್ತಿತ್ತು. ಉರುಳೆಯ ಮೇಲೆ ತಾಮ್ರದ ತಗಡಿನ ಪಟ್ಟಿ. ಅದು ತಿರುಗಿದಂತೆ ತಂತಿ ತಾಗಿದ ಕಡೆ ದೀಪ ಹೊತ್ತುತ್ತಿತ್ತು. ಬಂಗಾಳದ ಚಂದನನಗರದ ದೀಪಾಲಂಕಾರದವರು ಇದರಲ್ಲಿ ಹೆಸರು ಮಾಡಿದರು. ಒಂದು ಸುತ್ತಿನಲ್ಲಿ ಕಂಡದ್ದೇ ಮುಂದಿನ ಸುತ್ತಿನಲ್ಲೂ ಕಾಣುತ್ತಿತ್ತು. ಈಗ ಒಂದೊಂದು ದೀಪಕ್ಕೂ ಬೇರೆ ಬೇರೆ ಅಪ್ಪಣೆ ಕೊಡಬಹುದು. 1986ರಲ್ಲಿ ಬಂದ ಡಿಎಂಎಕ್ಸ್ 512 ಎಂಬ ಪದ್ಧತಿಯಲ್ಲಿ ಒಂದೇ ತಂತಿಯ ಮೇಲೆ 512 ಚಾನೆಲ್‌ಗಳು, ಪ್ರತಿ ಚಾನೆಲ್‌ಗೆ 0ಯಿಂದ 255ರವರೆಗೆ ಬೆಳಕಿನ ಮಟ್ಟ. ಕೆಂಪು, ಹಸಿರು, ನೀಲಿ ಮೂರೂ ಸೇರಿದ ಒಂದು ಎಲ್‌ಇಡಿ ಬಿಂದುವಿಗೆ ಮೂರು ಚಾನೆಲ್ ಬೇಕು. ಆದ್ದರಿಂದ 512ರಲ್ಲಿ 170 ಬಿಂದುಗಳನ್ನು ನಡೆಸಬಹುದು.

ಕೆಲಸದ ಭಾರವನ್ನು ಲೆಕ್ಕ ಹಾಕಿ. ಭಜನೆ 5 ನಿಮಿಷ, ನಿಮಿಷಕ್ಕೆ 80 ಪೆಟ್ಟು ಎನ್ನಿ. ಒಟ್ಟು 400 ಪೆಟ್ಟು. ಆದಿತಾಳದ 8 ಪೆಟ್ಟಿಗೆ ಒಂದು ಆವರ್ತವೆಂದರೆ 50 ಆವರ್ತ. ಮಾನಸ್ತಂಭ, ಮುಖಮಂಟಪ, ಪ್ರಾಕಾರ, ತೋರಣ ಎಂದು ದೀಪಗಳನ್ನು 16 ಗುಂಪು ಮಾಡಿದರೆ, ಆವರ್ತಕ್ಕೆ ಗುಂಪಿಗೊಂದು ಆಟದಂತೆ 800 ತೀರ್ಮಾನಗಳು. ಒಂದಕ್ಕೆ ಒಂದೇ ನಿಮಿಷ ಹಿಡಿದರೂ 13 ಗಂಟೆ 20 ನಿಮಿಷ! ಅಮೆರಿಕದ ಒಹಾಯೊದಲ್ಲಿ ಕಾರ್ಸನ್ ವಿಲಿಯಮ್ಸ್ ಎಂಬವರು ತಮ್ಮ ಮನೆಯ ಕ್ರಿಸ್ಮಸ್ ದೀಪಗಳನ್ನು ಸಂಗೀತಕ್ಕೆ ಹೊಂದಿಸಿದ್ದು 2005ರಲ್ಲಿ ಲೋಕಕ್ಕೆಲ್ಲ ಗೊತ್ತಾಯಿತು. ಆ ಹೊಂದಿಕೆಗೆ ಅವರಿಗೆ ಸುಮಾರು ಎರಡು ತಿಂಗಳು ಹಿಡಿದಿತ್ತು. ವ್ಯಾಪಾರದ ಮನೆಯ ಹುಡುಗನಿಗೆ ಹಬ್ಬದ ಸೀಸನ್ನಿನಲ್ಲಿ ಅಷ್ಟು ಬಿಡುವೆಲ್ಲಿ? ಹಾಗಾಗಿ ಚೀಟಿ ಎತ್ತುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವುದು ತಪ್ಪಲ್ಲ.

ಲೆಕ್ಕ ನಮ್ಮವರದೇ

ಇಂಥ ಜೋಡಣೆಗಳ ಗಣಿತ ನಮಗೆ ಹೊಸದಲ್ಲ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯರು ಗಣಿತಸಾರಸಂಗ್ರಹವನ್ನು ರಚಿಸಿದರು. ಇಷ್ಟು ವಸ್ತುಗಳಲ್ಲಿ ಇಷ್ಟನ್ನು ಆರಿಸುವ ಬಗೆಗಳೆಷ್ಟು ಎಂಬುದಕ್ಕೆ ಸಾಮಾನ್ಯ ಸೂತ್ರವನ್ನು ಅವರು ಅದರಲ್ಲಿ ಕೊಟ್ಟಿದ್ದಾರೆ. ವಜ್ರ, ನೀಲ, ಮರಕತ, ಹವಳ, ಮುತ್ತು ಇವುಗಳಿಂದ ಮಾಡುವ ಸರದಲ್ಲಿ ಎಷ್ಟು ಬಗೆ ಎಂಬುದು ಅವರ ಒಂದು ಪ್ರಶ್ನೆ. ಒಂದು ರತ್ನದ್ದು, ಎರಡರದ್ದು, ಹೀಗೆ ಐದರವರೆಗೆ ಕೂಡಿಸಿದರೆ 31 ಬಗೆ. ದೀಪಕ್ಕೂ ಅದೇ ಲೆಕ್ಕ. 16 ಗುಂಪುಗಳಲ್ಲಿ 4ನ್ನು ಮಾತ್ರ ಬೆಳಗುವ ಬಗೆಗಳು 1,820. ಎಲ್ಲ ಆರಿದ ಸ್ಥಿತಿಯಿಂದ ಎಲ್ಲ ಹೊತ್ತಿದ ಸ್ಥಿತಿಯವರೆಗೆ ಒಟ್ಟು 65,536. ಸೆಕೆಂಡಿಗೊಂದು ತೋರಿಸಿದರೂ 18 ಗಂಟೆಗೆ ಮೇಲಾಗುತ್ತದೆ.

ಈ ರಾಶಿಯಿಂದ ಯಂತ್ರ ಹೇಗೆ ಆರಿಸುತ್ತದೆ? ಅದು ಚೀಟಿ ಎತ್ತುವುದಿಲ್ಲ, ಲೆಕ್ಕ ಮಾಡುತ್ತದೆ. ನೀವೇ ಕಾಗದದ ಮೇಲೆ ಮಾಡಿ ನೋಡಿ. ಒಂದು ಸಂಖ್ಯೆ ಹಿಡಿಯಿರಿ, 7 ಎನ್ನಿ. ಅದನ್ನು 5ರಿಂದ ಗುಣಿಸಿ, 3 ಕೂಡಿಸಿ, 16ರಿಂದ ಭಾಗಿಸಿ ಶೇಷವನ್ನು ಉಳಿಸಿಕೊಳ್ಳಿ. 38ರ ಶೇಷ 6. ಆ 6ಕ್ಕೆ ಹಾಗೆಯೇ ಮಾಡಿದರೆ 1. ಮುಂದೆ 8, 11, 10, 5, 12, 15, 14, 9, 0, 3, 2, 13, 4, ಕೊನೆಗೆ ಮತ್ತೆ 7. ನೋಡಿದರೆ ಅಡ್ಡಾದಿಡ್ಡಿ, ಆದರೆ 7ರಿಂದ ಹೊರಟರೆ ಯಾವಾಗಲೂ ಇದೇ ಸಾಲು. ಮೊದಲು ಹಿಡಿದ ಸಂಖ್ಯೆಯೇ ಇದಕ್ಕೆ ಬೀಜ. ಕಂಪ್ಯೂಟರಿನ ನಿಯಮ ಬಲು ದೊಡ್ಡದು, ತತ್ವ ಮಾತ್ರ ಇಂಥದೇ.

ಲೆಕ್ಕ ಬಲ್ಲವರು ಇನ್ನೊಂದನ್ನು ಗಮನಿಸಿರಬಹುದು. ಮೇಲಿನ ಸಾಲಿನಲ್ಲಿ ಬೆಸ, ಸಮ, ಬೆಸ, ಸಮ ಎಂದು ತಪ್ಪದೆ ಬರುತ್ತಿದೆ! ಬೆಸ ಸಂಖ್ಯೆಯ ದೀಪಗಳನ್ನು ಎಡಕ್ಕೂ ಸಮ ಸಂಖ್ಯೆಯವನ್ನು ಬಲಕ್ಕೂ ಕಟ್ಟಿದ್ದರೆ, ರ‍್ಯಾಂಡಮ್ ಎಂದುಕೊಂಡ ಬೆಳಕು ಎಡ-ಬಲ, ಎಡ-ಬಲ ಎಂದು ತೂಗಾಡುತ್ತಿರುತ್ತದೆ. ಯಂತ್ರದ ಆಯ್ಕೆಯನ್ನು ಪರೀಕ್ಷಿಸದೆ ಒಪ್ಪಬಾರದೆಂಬುದಕ್ಕೆ ಇದೊಂದು ಪಾಠ.

ಎರಡನೆಯ ಪಾಠ ಇದಕ್ಕೆ ವಿರುದ್ಧ. ಚೀಟಿ ಎತ್ತಿ, ಮತ್ತೆ ಡಬ್ಬಿಗೆ ಹಾಕಿ, ಪುನಃ ಎತ್ತುವಂತಿದ್ದರೆ ಎಲ್ಲರಿಗೂ ಸರದಿ ಬರುವುದಿಲ್ಲ. 16 ಗುಂಪುಗಳಲ್ಲಿ 16 ಸಲ ಹಾಗೆ ಎತ್ತಿದರೆ ಸರಾಸರಿ ಐದಾರು ಗುಂಪುಗಳು ಒಮ್ಮೆಯೂ ಹೊತ್ತುವುದಿಲ್ಲ. ನೋಡುವವರು 'ಆ ಕಡೆ ಸೆಟ್ ಕೆಟ್ಟಿದೆ' ಎನ್ನುತ್ತಾರೆ. ಎತ್ತಿದ ಚೀಟಿಯನ್ನು ಪಕ್ಕಕ್ಕಿಟ್ಟು ಉಳಿದವುಗಳಿಂದ ಎತ್ತುವುದೇ ಇದಕ್ಕೆ ಪರಿಹಾರ. ಇಸ್ಪೀಟು ಕಲೆಸಿದಂತೆ ಕಲೆಸುವ ಈ ಕ್ರಮಕ್ಕೆ 'ಷಫಲ್' ಎಂದು ಹೆಸರು.

'ಯಂತ್ರ ಮಾಡಿತು' ಎನ್ನಬಹುದೇ?

ಈಗ ಮುಖ್ಯ ಮಾತಿಗೆ ಬರೋಣ. ಚೀಟಿ ಯಂತ್ರ ಎತ್ತಿದರೂ ಫಲಕ್ಕೆ ಹೊಣೆ ನಾವೇ. ಪ್ರಮಾದದಿಂದ, ಎಂದರೆ ಎಚ್ಚರಗೇಡಿತನದಿಂದ, ಪ್ರಾಣಕ್ಕೆ ಹಾನಿ ಮಾಡುವುದೇ ಹಿಂಸೆ ಎಂದು ತತ್ವಾರ್ಥಸೂತ್ರ ಹೇಳುತ್ತದೆ. ದೀಪದ ಆಟದಲ್ಲಿ ಅಂಥ ಪ್ರಮಾದ ನಡೆಯಬಹುದಾದ ಎಡೆಗಳು ಎರಡು.

ಒಂದು, ಮಕ್ಕಳ ವಿಷಯ. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ 'ಪೊಕೆಮಾನ್' ಎಂಬ ಮಕ್ಕಳ ಕಾರ್ಟೂನಿನಲ್ಲಿ ಕೆಂಪು ಮತ್ತು ನೀಲಿ ಬೆಳಕು ಸೆಕೆಂಡಿಗೆ ಸುಮಾರು 12 ಸಲ ಮಿನುಗಿತು. ಸುಮಾರು 685 ಮಂದಿಯನ್ನು ಆಸ್ಪತ್ರೆಗೆ ಒಯ್ಯಬೇಕಾಯಿತು. ಅವರಲ್ಲಿ ಬಹುಪಾಲು ಮಕ್ಕಳು. ಬೆಳಕಿನ ಮಿನುಗಿಗೆ ಅಪಸ್ಮಾರ ಬರುವ ಸ್ವಭಾವ ಕೆಲವರಿಗಿರುತ್ತದೆ, ಹಲವರಿಗೆ ಅದು ಮೊದಲೇ ಗೊತ್ತಿರುವುದಿಲ್ಲ. ಯಂತ್ರಕ್ಕೆ ಎಲ್ಲೆ ಹಾಕದಿದ್ದರೆ ಅದು ಇಂಥ ವೇಗವನ್ನೂ ಆರಿಸಬಹುದು. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಮಿನುಗಕೂಡದು ಎಂಬುದು ತೆರೆಯ ಮೇಲಿನ ಚಿತ್ರಗಳಿಗೆ ಲೋಕದಲ್ಲಿ ಒಪ್ಪಿರುವ ಮಿತಿ. ನಾವೂ ಅದನ್ನೇ ಪಾಲಿಸುವುದು ಕ್ಷೇಮ. 'ಸ್ಟ್ರೋಬ್' ಎಂಬ ಆಟವನ್ನು ಚೀಟಿಯ ಡಬ್ಬಿಯಿಂದಲೇ ತೆಗೆದುಹಾಕಿರಿ.

ಎರಡು, ಕೀಟಗಳ ವಿಷಯ. ಅನ್ನೂರಿನ ಕಡೆ ದೀಪಾವಳಿಯ ಹೊತ್ತಿಗೆ ಹಿಂಗಾರು ಮಳೆ. ಮಳೆ ನಿಂತ ಸಂಜೆ ದೀಪದ ಸುತ್ತ ಎಷ್ಟು ಹುಳು ಎಂಬುದನ್ನು ಎಲ್ಲರೂ ಕಂಡಿದ್ದೇವೆ. ಹಾರುವ ಕೀಟಗಳು ಬೆಳಕಿರುವ ಕಡೆಗೆ ಬೆನ್ನು ತಿರುಗಿಸಿ ಹಾರುತ್ತವೆ. ಆಕಾಶವೇ ಮೇಲು ಎಂದು ತಿಳಿಯಲು ಅವಕ್ಕೆ ಅದೇ ಗುರುತು. ದೀಪದ ಬಳಿ ಆ ಗುರುತು ತಪ್ಪಿ, ಬಿಡಿಸಿಕೊಳ್ಳಲಾರದೆ ಸುತ್ತುತ್ತವೆ ಎಂದು 2024ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ನೀಲಿ ಮತ್ತು ಬಿಳಿ ಬೆಳಕಿಗೆ ಹೋಲಿಸಿದರೆ ಹಳದಿ, ಕೆಂಪು ಬೆಳಕಿಗೆ ಬರುವ ಹುಳುಗಳು ಸಾಮಾನ್ಯವಾಗಿ ಕಡಿಮೆ. ಆದ್ದರಿಂದ ಯಂತ್ರಕ್ಕೆ ಎಲ್ಲ ಬಣ್ಣಗಳನ್ನೂ ಒಪ್ಪಿಸಬೇಡಿ. ಅರಿಸಿನ, ಕಿತ್ತಳೆ, ಕೆಂಪುಗಳನ್ನು ಮಾತ್ರ ಕೊಡಿ. ಹಾಡು ಮುಗಿದೊಡನೆ ದೀಪ ಆರಿಸಿ. ರಾತ್ರಿಯಿಡೀ ಓಡಲು ಬಿಡಬೇಡಿ.

ಜೇಬಿನ ಮಾತೂ ಒಂದಿದೆ. 5 ವೋಲ್ಟಿನ ಒಂದು ಎಲ್‌ಇಡಿ ಬಿಂದು ಪೂರ್ಣ ಬಿಳಿಯಾಗಿ ಉರಿದರೆ ಸುಮಾರು 0.06 ಆಂಪಿಯರ್ ಎಳೆಯುತ್ತದೆ. ಸಾವಿರ ಬಿಂದುಗಳಿಗೆ 60 ಆಂಪಿಯರ್. ಯಂತ್ರ ಎಲ್ಲವನ್ನೂ ಒಮ್ಮೆಗೇ ಬಿಳಿ ಮಾಡಿದರೆ ಸಣ್ಣ ಪವರ್ ಸಪ್ಲೈ ತಡೆಯಲಾರದು, ತೆಳುವಾದ ವಯರು ಬಿಸಿಯಾದೀತು. ಬೆಳಕಿನ ಮಟ್ಟವನ್ನು ನೂರಕ್ಕೆ ಮೂವತ್ತಕ್ಕೆ ಇಳಿಸಿದರೆ ಈ ಭಯವೂ ಇಳಿಯುತ್ತದೆ, ಕಣ್ಣಿಗೂ ತಂಪು.

ಮಾಡುವ ಕ್ರಮ

ಮೊದಲು ಹಾಡನ್ನು ಕೇಳಿ ಪೆಟ್ಟುಗಳನ್ನು ಗುರುತು ಮಾಡಿಕೊಳ್ಳಿ. ಪ್ರತಿ ಆವರ್ತದ ಮೊದಲ ಪೆಟ್ಟಿಗೆ ಏನು ಬೆಳಗಬೇಕೆಂದು ನೀವೇ ತೀರ್ಮಾನಿಸಿ. ಪಲ್ಲವಿ ಬಂದಾಗಲೆಲ್ಲ ಅದೇ ದೀಪ ಬರಲಿ. ನಡುವಣ ಜಾಗವನ್ನು ಮಾತ್ರ ಯಂತ್ರಕ್ಕೆ ಬಿಡಿ. ಐದಾರು ಸಲ ಒತ್ತಿ, ಬಂದ ಆಟಗಳನ್ನು ಕಂಪ್ಯೂಟರಿನಲ್ಲೇ ನೋಡಿ. ಹಿಡಿಸಿದ್ದನ್ನು ಕೂಡಲೇ ಉಳಿಸಿಕೊಳ್ಳಿ, ಮತ್ತೊಮ್ಮೆ ಒತ್ತಿದರೆ ಅದು ಸಿಗಲಿಕ್ಕಿಲ್ಲ. ಬೀಜದ ಸಂಖ್ಯೆ ತೋರಿಸುವ ತಂತ್ರಾಂಶವಾದರೆ ಅದನ್ನು ಬರೆದಿಡಿ. ಕೊನೆಗೆ ಮನೆಯ ಹಿರಿಯರನ್ನು ಕೂರಿಸಿ ಒಮ್ಮೆ ತೋರಿಸಿ. ಅವರು ಕಣ್ಣು ಮುಚ್ಚಿಕೊಂಡ ಜಾಗವನ್ನು ತೆಗೆದುಹಾಕಿ.

ಗರ್ಭಗೃಹದ ಎದುರಿಗೆ ಮಾತ್ರ ಈ ಆಟ ಬೇಡ. ಅನ್ನೂರಿನ ದಾರಿಯಲ್ಲೇ ಘಾಟಿ ಹತ್ತಿ ಚಾಮರಾಜನಗರ ದಾಟಿ ಮೈಸೂರಿಗೆ ಬಂದವರು ಅರಮನೆಯ ದೀಪಗಳನ್ನು ನೋಡಿರುತ್ತಾರೆ. ಲಕ್ಷದ ಹತ್ತಿರ ಬಲ್ಬುಗಳು ಒಮ್ಮೆಗೇ ಹೊತ್ತುತ್ತವೆ, ಅಲುಗದೆ ನಿಲ್ಲುತ್ತವೆ. ನೆರೆದ ಜನರೂ ಅಲುಗದೆ ನಿಲ್ಲುತ್ತಾರೆ. ಸ್ಥಿರವಾದ ಬೆಳಕಿಗೂ ಒಂದು ಶಕ್ತಿ ಇದೆ. ಪ್ರಾಕಾರದಲ್ಲಿ ಮಕ್ಕಳ ಸಂತೋಷಕ್ಕೆ ದೀಪಗಳು ಕುಣಿಯಲಿ, ಸ್ವಾಮಿಯ ಮುಂದೆ ಒಂದು ನಂದಾದೀಪ ನಿಶ್ಚಲವಾಗಿರಲಿ.

ಹುಡುಗರ ಉತ್ಸಾಹವನ್ನು ತಡೆಯಬೇಡಿ. ಅವರ ಪಕ್ಕದಲ್ಲಿ ಕುಳಿತು, ಚೀಟಿಯ ಡಬ್ಬಿಯಲ್ಲಿ ಏನಿರಬೇಕು, ಏನಿರಬಾರದು ಎಂಬುದನ್ನು ಕೂಡಿ ಆರಿಸಿ. ಅದಾದ ಮೇಲೆ ಯಂತ್ರ ಯಾವ ಚೀಟಿ ಎತ್ತಿದರೂ ಚಿಂತೆಯಿಲ್ಲ.